ಮಾಯ್ ಮೂರು ಸಲ ಕರೆದರು

ಮಂಜೇಶ್ವರದಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುವ ನಮಗೆ ತಲಪಾಡಿ ಗಡಿಯೆಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಒಂದು ಚೆಕ್‌ಪೋಸ್ಟ್, ಅಷ್ಟೇ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ಆ ಗಡಿಯನ್ನು ಮುಚ್ಚಿ, ಒಳದಾರಿಗಳಿಗೂ ಮಣ್ಣು ಸುರಿದಾಗಲೇ ನಾವು ಬೇರೆ ರಾಜ್ಯದವರೆಂಬುದು ನೆನಪಾದದ್ದು. ನಾನು ದುಡಿಯುವುದು ಮಂಗಳೂರಿನ ಒಂದು ಲೆಕ್ಕಪತ್ರದ ಆಫೀಸಿನಲ್ಲಿ. ಅಂದು ಆಫೀಸು ನಮ್ಮ ಮನೆಯ ಊಟದ ಮೇಜಿಗೆ ಬಂತು. ಗಡಿ ತೆರೆದ ಮೇಲೂ, ವಯಸ್ಸಾದ ಅತ್ತೆ ಮನೆಯಲ್ಲಿದ್ದಾರೆಂದು ಹೇಳಿ, ವಾರಕ್ಕೆ ನಾಲ್ಕು ದಿನ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದುಕೊಂಡೆ. ಪತಿ ಕುವೈಟಿನಲ್ಲಿ. ಹಾಗಾಗಿ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅವರನ್ನು ನಾನು ಮಾಯ್ ಎಂದೇ ಕರೆಯುವುದು.

ಅವರನ್ನು ನೋಡಿಕೊಳ್ಳಲೆಂದೇ ಮನೆಯಲ್ಲಿ ಉಳಿದವಳು ನಾನು. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ಹೆಡ್‌ಫೋನ್ ಕಿವಿಗೇರಿತೆಂದರೆ ಹೊರಗಿನ ಸದ್ದು ಒಂದೂ ಕೇಳುತ್ತಿರಲಿಲ್ಲ. ಅದೇ ಆ ಹೆಡ್‌ಫೋನಿನ ಹೆಚ್ಚುಗಾರಿಕೆಯೆಂದು ತಿಳಿದು ಹೆಚ್ಚು ಹಣ ಕೊಟ್ಟು ತಂದಿದ್ದೆ.

2023ರ ಜುಲೈ ತಿಂಗಳ ಒಂದು ಮಧ್ಯಾಹ್ನ, ಜಡಿಮಳೆ. ನಾನು ಮೀಟಿಂಗಿನಲ್ಲಿದ್ದೆ. ಮುಗಿಸಿ ಅಡುಗೆಮನೆಗೆ ಬಂದರೆ ಮಾಯ್ ಇಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು. ಒಗೆಯುವ ಕಲ್ಲಿನ ಹತ್ತಿರ ಪಾಚಿಯಲ್ಲಿ ಜಾರಿ ಬಿದ್ದು, ಎಡಗೈಯನ್ನು ಎದೆಗೊತ್ತಿಕೊಂಡು ಮಳೆಯಲ್ಲೇ ಕುಳಿತಿದ್ದರು. ಮಣಿಕಟ್ಟಿನ ಎಲುಬು ಮುರಿದಿತ್ತು. ಆಸ್ಪತ್ರೆಗೆ ಹೋಗುವಾಗ ರಿಕ್ಷಾದಲ್ಲಿ ಅವರು ಹೇಳಿದರು: "ಮೂರು ಸಲ ಕರೆದೆ ಬಾಯೆ. ನಿನಗೆ ಕೆಲಸ ಇರಬೇಕೆಂದು ಮತ್ತೆ ಕರೆಯಲಿಲ್ಲ."

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮರುದಿನವೇ ಹೆಡ್‌ಫೋನನ್ನು ಕಪಾಟಿನಲ್ಲಿಟ್ಟೆ. ಆದರೆ ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಮಾತಾಡಿದರೆ ನನ್ನ ಧ್ವನಿ ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ ಎಂದರು ಆಫೀಸಿನವರು. ನಮ್ಮದು ಅಂಕೆಗಳ ಕೆಲಸ. ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಒಂದು ತಪ್ಪಿದರೂ ಕಷ್ಟ. 'ಎಸ್' ಹೇಳಿದ್ದು 'ಎಫ್' ಆಗಿ ಕೇಳಿದರೆ ಕೆಲಸ ಉಳಿಯುವುದು ಹೇಗೆ? ಗಾಬರಿಯಲ್ಲಿ, ಪೇಟೆಯಿಂದ ಒಂದು ಬ್ಲೂಟೂತ್ ಸ್ಪೀಕರ್ ತಂದೆ. ಹಾಡು ಚೆನ್ನಾಗಿ ಹಾಡಿತು. ಮಾತಿಗೆ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಆಚೆಯವರಿಗೆ ಅವರ ಮಾತೇ ಮರಳಿ ಕೇಳುತ್ತಿತ್ತು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ನಕ್ಕು, ನೀವು ಕೊಳ್ಳಬೇಕಾದದ್ದು ಸ್ಪೀಕರ್ ಅಲ್ಲ, ಸ್ಪೀಕರ್‌ಫೋನ್ ಎಂದ. ಅಂಗೈಯಷ್ಟು ಅಗಲದ ಉರುಟು ಪೆಟ್ಟಿಗೆ. ಜಾಬ್ರಾ, ಆಂಕರ್, ಪಾಲಿ ಮೊದಲಾದ ಕಂಪನಿಗಳು ಮಾಡುತ್ತವೆ. ಅವನು ವಿವರಿಸಿದ್ದನ್ನು, ಇಂಥದ್ದು ಬೇಕಾದವರು ನಿಮ್ಮಲ್ಲಿಯೂ ಇರಬಹುದೆಂದು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಪ್ರತಿಧ್ವನಿ. ಒಳ್ಳೆಯ ಸ್ಪೀಕರ್‌ಫೋನಿಗೆ ತಾನು ಹೊರಡಿಸಿದ ಧ್ವನಿ ಯಾವುದೆಂದು ಗೊತ್ತಿರುತ್ತದೆ. ಮೈಕಿಗೆ ಬಂದ ಸದ್ದಿನಿಂದ ಅದನ್ನು ಕಳೆದು, ಉಳಿದದ್ದನ್ನಷ್ಟೇ ಆಚೆಗೆ ಕಳುಹಿಸುತ್ತದೆ. ಎರಡನೆಯದು, ಇಬ್ಬರೂ ಒಟ್ಟಿಗೆ ಮಾತಾಡಿದರೆ ಇಬ್ಬರದ್ದೂ ಕೇಳಬೇಕು. ಇದಕ್ಕೆ ಫುಲ್ ಡುಪ್ಲೆಕ್ಸ್ ಎನ್ನುತ್ತಾರೆ. ಇದಿಲ್ಲದಿದ್ದರೆ ಒಬ್ಬರು ಬಾಯಿ ತೆರೆದಾಗ ಇನ್ನೊಬ್ಬರ ಮಾತು ತುಂಡಾಗುತ್ತದೆ. ಮೂರನೆಯದು ವೈಡ್‌ಬ್ಯಾಂಡ್. ಹಳೆಯ ಟೆಲಿಫೋನು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. 'ಎಸ್' ಮತ್ತು 'ಎಫ್' ಬೇರೆಯೆಂದು ತಿಳಿಸುವ ಸಣ್ಣ ಸದ್ದು ಹೆಚ್ಚಾಗಿ ಅದಕ್ಕೂ ಮೇಲೆ ಇರುತ್ತದೆ. ವೈಡ್‌ಬ್ಯಾಂಡ್ ಸುಮಾರು 7000ದವರೆಗೂ ಸಾಗಿಸುತ್ತದೆ. ನಾಲ್ಕನೆಯದು, ಬ್ಲೂಟೂತ್ ಜೊತೆಗೆ ಯುಎಸ್‌ಬಿ ವಯರೂ ಇರಲಿ. ಕಂಪ್ಯೂಟರಿಗೆ ವಯರೇ ಭರವಸೆ, ಮೊಬೈಲಿಗೆ ಬ್ಲೂಟೂತ್ ಸಾಕು. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಊರಿಗೆ ಒಳಗೆ ಬ್ಯಾಟರಿ ಇರುವುದೇ ಒಳ್ಳೆಯದು. ಕೊನೆಯದಾಗಿ, ಕೈಗೆ ಕೂಡಲೇ ಸಿಗುವ ಮ್ಯೂಟ್ ಬಟನ್, ಒತ್ತಿದರೆ ಕೆಂಪು ದೀಪ.

ಹಿಂತಿರುಗಿಸಲು ಅವಕಾಶವಿದೆಯೇ ಎಂದು ಮೊದಲೇ ಕೇಳಿ ಒಂದನ್ನು ತರಿಸಿದೆ. ಮಳೆ ಬರುವ ಹೊತ್ತಿನಲ್ಲೇ ಪರೀಕ್ಷಿಸಿದೆ. ಹಿಂದಿನ ಚಾವಡಿಯ ತಗಡಿನ ಮಾಡಿನ ಕೆಳಗೆ ಯಾವ ಯಂತ್ರವೂ ಸೋಲುತ್ತದೆ. ಅದಕ್ಕೇ ಮೇಜನ್ನು ನಡುಕೋಣೆಗೆ ತಂದೆ. ಗೋಡೆಗೆ ದಪ್ಪ ಪರದೆ ಕಟ್ಟಿದೆ, ಪೆಟ್ಟಿಗೆಯ ಅಡಿಗೆ ಮಡಚಿದ ಬೈರಾಸು ಇಟ್ಟೆ. ಒಂದು ಕೈ ದೂರದಲ್ಲಿಟ್ಟು ಸಹಜವಾಗಿ ಮಾತಾಡಿದರೆ ಆಚೆಯವರಿಗೆ ಸ್ಪಷ್ಟ. ಒಂದು ಕೊರತೆ ಮಾತ್ರ ಉಳಿಯಿತು: ಗುಟ್ಟು ಉಳಿಯುವುದಿಲ್ಲ. ಆದ್ದರಿಂದ ಮಾತು ಸ್ಪೀಕರಿನಲ್ಲಿದೆಯೆಂದು ಮೊದಲೇ ತಿಳಿಸುತ್ತೇನೆ. ಇನ್ನೊಬ್ಬರ ಸಾಲ, ಸಂಬಳದ ವಿಷಯ ಬಂದರೆ, ಮಾಯ್ ಹತ್ತಿರ ಯಾರಾದರೂ ಇರುವ ಹೊತ್ತು ನೋಡಿ ಹೆಡ್‌ಫೋನಿನಲ್ಲಿ ಮಾತಾಡುತ್ತೇನೆ.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ಬರೆಯಬಹುದಿತ್ತು. ಆದರೆ ಒಂದು ತಿಂಗಳ ನಂತರದ ಸಂಗತಿ ಹೇಳದಿದ್ದರೆ ಸುಳ್ಳಾಗುತ್ತದೆ. ಒಂದು ದೊಡ್ಡ ಲೆಕ್ಕದ ಮಾತುಕತೆ ನಡೆಯುತ್ತಿತ್ತು. ಕೋಣೆಯಿಂದ ಮಾಯ್ "ಬಾಯೆ" ಎಂದರು. ಈ ಸಲ ಸ್ಪಷ್ಟವಾಗಿ ಕೇಳಿತು. ನಾನು ಬಾಗಿಲ ಕಡೆಗೆ ಕೈಯೆತ್ತಿ, ಐದು ನಿಮಿಷ ಎಂದು ಸನ್ನೆ ಮಾಡಿ ಮಾತು ಮುಂದುವರಿಸಿದೆ. ಅವರು ಮತ್ತೆ ಕರೆಯಲಿಲ್ಲ. ಹೋಗಿ ನೋಡಿದರೆ ಪ್ಲಾಸ್ಟರಿನ ಕೈಯಲ್ಲಿ ನೀರಿನ ಲೋಟ ಎತ್ತಲಾಗದೆ ಚೆಲ್ಲಿಕೊಂಡು, ಸೀರೆಯ ಸೆರಗಿನಿಂದ ಹಾಸಿಗೆ ಒರೆಸುತ್ತಿದ್ದರು. ದೊಡ್ಡ ಅಪಘಾತವೇನಲ್ಲ. ಆದರೆ ಹೆಡ್‌ಫೋನ್ ಇದ್ದಾಗ ಕೇಳಲಿಲ್ಲವೆಂಬ ನೆಪವಿತ್ತು. ಆ ದಿನ ಅದೂ ಇರಲಿಲ್ಲ. ಕರೆ ಕೇಳಿಸುವಂತೆ ಮಾಡುವುದಷ್ಟೇ ಯಂತ್ರದ ಕೆಲಸ, ಏಳಬೇಕಾದವಳು ನಾನು.

ಮರುದಿನ ಆಫೀಸಿನ ಹಿರಿಯರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮನೆಯಲ್ಲಿ ಕರೆದರೆ ಎರಡು ನಿಮಿಷ ಎದ್ದು ಹೋಗುತ್ತೇನೆ, ಆ ಹೊತ್ತನ್ನು ಸಂಜೆ ತುಂಬಿಸುತ್ತೇನೆ. ಕೆಲಸ ಹೋದೀತೆಂದು ಹೆದರಿದ್ದೆ. ಅವರು, "ನಮ್ಮ ಮನೆಯಲ್ಲೂ ಅಮ್ಮ ಇದ್ದಾರೆ, ಹೋಗಿ ಬನ್ನಿ" ಎಂದರು.

ಈಗ ಮಾಯ್ ಕೈ ಗುಣವಾಗಿದೆ. ಅವರಿಗೆ ಕೆಂಪು ದೀಪದ ಅರ್ಥ ಗೊತ್ತು. ಬಾಗಿಲಲ್ಲಿ ನಿಂತು, ಅದು ಹೊತ್ತಿದ ಮೇಲೆಯೇ ಮಾತಾಡುತ್ತಾರೆ. ದೀಪ ಇಲ್ಲದಿದ್ದರೂ ಕರೆಯಿರಿ ಎಂದು ಎಷ್ಟೋ ಸಲ ಹೇಳಿದ್ದೇನೆ. ಮೊನ್ನೆ ಮೀಟಿಂಗಿನ ನಡುವೆ, ದೀಪ ನೋಡದೆ, ಹಿತ್ತಿಲಿನಿಂದ ಜೋರಾಗಿ ಕರೆದರು. ಓಡಿದೆ. ನುಗ್ಗೆಮರದಲ್ಲಿ ಮೊದಲ ಕಾಯಿ ಬಿಟ್ಟಿದೆಯಂತೆ, ತೋರಿಸಲು ಕರೆದದ್ದು.

ಆಚೆ ಆರು ಮಂದಿ ಕಾಯುತ್ತಿದ್ದರು. ನಾನು ನಿಂತು ನೋಡಿ, ಬಂದೆ.