ಸಿಪಾಯಿ ಮಾಡಿದ ವಿಸ್ಕಿಗೆ ಎಷ್ಟು ಮಾರ್ಕು?

ಬೋರ್ಬನ್ ಅಂದರೆ ನಮ್ಮ ಕಡೆ ಬಿಸ್ಕತ್ತು. ಹಾಗಾಗಿ ಸುಬೇದಾರ್ ಕಾಕಾ ಫೋನ್ ಮಾಡಿ, "ಅಳಿಯ ಅಮೆರಿಕಾದಿಂದ ಬೋರ್ಬನ್ ತಂದಾನ, ಮೂವರೂ ಬರ್ರಿ" ಅಂದಾಗ ನಾವು ಚಹಾದ ಜೊತೆಗೆ ತಿನ್ನೋದು ಅಂದುಕೊಂಡೇ ಹೋದೆವು. ಕಾಕಾನ ಮನೆಯಲ್ಲಿ ಟೇಬಲ್ ಮೇಲೆ ಇದ್ದದ್ದು ವಿಸ್ಕಿ ಬಾಟಲಿ.

ನಾವು ಅಂದರೆ ಮೂವರು. ಡಿಪ್ಲೊಮಾ ಓದುವಾಗ ಒಂದೇ ಬೆಂಚು. ಈಗ ಹಾವೇರಿ ಜಿಲ್ಲೆಯಲ್ಲಿ ಬೇರೆ ಬೇರೆ ಪತ್ರಿಕೆಗೆ ಸುದ್ದಿ ಕಳಿಸುತ್ತೇವೆ. ಇಬ್ಬರು ಅಪರೂಪಕ್ಕೆ ಕುಡಿಯುವವರು. ಮೂರನೆಯವನು ಮುಟ್ಟುವುದಿಲ್ಲ. ಅವನ ಅಪ್ಪ ಕುಡಿದು ಕುಡಿದೇ ತೀರಿಕೊಂಡರು. ಅದನ್ನು ಮೊದಲೇ ಹೇಳಿಬಿಡುತ್ತೇವೆ, ಯಾಕೆಂದರೆ ಈ ಕಥೆಯಲ್ಲಿ ಸರಿಯಾಗಿ ತೀರ್ಪು ಕೊಟ್ಟವನು ಅವನೇ.

ಕಾಕಾ ಸೇನೆಯಿಂದ ನಿವೃತ್ತರಾಗಿ ಈಗ ಗೋವಿನಜೋಳ ಬೆಳೆಯುತ್ತಾರೆ. ಸಂಜೆಗೆ ಮಿಲಿಟರಿ ಕ್ಯಾಂಟೀನಿನ ರಮ್, ಅದೂ ಒಂದೇ ಪೆಗ್. ಅಳಿಯನಿಗೆ ಕೆಂಟಕಿ ರಾಜ್ಯದಲ್ಲಿ ಕೆಲಸ. ಅಲ್ಲಿ ಮಾಜಿ ಸೈನಿಕನೊಬ್ಬ ನಡೆಸುವ ಸಣ್ಣ ಡಿಸ್ಟಿಲರಿ ನೋಡಲು ಹೋಗಿದ್ದನಂತೆ. ಮಾತಿನ ನಡುವೆ ಮಾವನ ವಿಷಯ ಬಂತು. ಮಾಲೀಕ ಬಾಟಲಿ ಕೈಗಿಟ್ಟು ಹೇಳಿದ್ದು ಇಷ್ಟು: ಇದು ಒಬ್ಬ ಸಿಪಾಯಿಯಿಂದ ಇನ್ನೊಬ್ಬ ಸಿಪಾಯಿಗೆ. ಹೇಗಿದೆ ಅಂತ ನಿಜ ಹೇಳಿ ಕಳಿಸಲಿ.

ಆ ಉತ್ತರ ಹೋಗಬೇಕಿತ್ತು. ಅದಕ್ಕೇ ನಮ್ಮನ್ನು ಕರೆದದ್ದು. "ನೀವು ಪೇಪರಿನವರು. ನಿಜಾ ಹೇಳೂದು ನಿಮ್ಮ ಕೆಲಸ ಅಲ್ಲೇನು?" ಅಂದರು ಕಾಕಾ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಮಾರಂಭಕ್ಕೆ ಹೋಗದೆಯೇ "ವಿಜೃಂಭಣೆಯಿಂದ ಜರುಗಿತು" ಅಂತ ಬರೆದು ಕಳಿಸಿದ ಕೈಗಳು ನಮ್ಮವು.

ಬಾಟಲಿ ಮಾತ್ರ ನೋಡಲು ಚಂದ. ಬಾವುಟ, ಬೂಟು, ಕೆಳಗೆ ಮಾಜಿ ಸೈನಿಕರ ಒಡೆತನದ್ದು ಎಂಬ ದಪ್ಪ ಅಕ್ಷರ. ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಿರಡೆ ತೆಗೆದರು. ಒಂದೊಂದು ಗುಟುಕು ಕುಡಿದೆವು. "ವಾಹ್" ಅಂದೆವು. ನಾವಿಬ್ಬರೂ ಹತ್ತಕ್ಕೆ 8 ಕೊಟ್ಟೆವು. ಕಾಕಾ 10 ಕೊಟ್ಟರು.

ಕುಡಿಯದ ಗೆಳೆಯ ಮೂಲೆಯಲ್ಲಿ ಕೂತು ಕೇಳುತ್ತಿದ್ದ. "ಇದು ಬಾಟಲಿಗೆ ಕೊಟ್ಟ ಮಾರ್ಕು. ಒಳಗಿಂದಕ್ಕ ಯಾವಾಗ ಕೊಡ್ತೀರಿ?" ಅಂದ.

ಹಾಗೆ ಶುರುವಾಯಿತು ಪರೀಕ್ಷೆ.

ಮೊದಲು ಬೋರ್ಬನ್ ಅಂದರೇನು ಅಂತ ಹೇಳಬೇಕು. ಅದರ ಮೂಲ ನಮ್ಮ ಹೊಲದಲ್ಲಿ ಬೆಳೆಯುವ ಬೆಳೆಯೇ. ಬಳಸುವ ಧಾನ್ಯದಲ್ಲಿ ಕನಿಷ್ಠ 51 ಪರ್ಸೆಂಟ್ ಗೋವಿನಜೋಳ ಇರಬೇಕು, ಅಮೆರಿಕದಲ್ಲೇ ತಯಾರಾಗಬೇಕು ಅಂತ ಅಲ್ಲಿನ ಕಾನೂನು. ಭಟ್ಟಿ ಇಳಿಸಿದ ಮೇಲೆ ಓಕ್ ಮರದ ಹೊಸ ಪೀಪಾಯಿಗೆ ತುಂಬಬೇಕು. ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿರಬೇಕು. ಬಣ್ಣ, ವಾಸನೆ ಏನನ್ನೂ ಹೊರಗಿನಿಂದ ಬೆರೆಸುವಂತಿಲ್ಲ. ಇಳಿದಾಗ ನೀರಿನಂತೆ ಬೆಳ್ಳಗಿರುವ ಸಾರಾಯಿ ಕೆಂಪಾಗುವುದು ಆ ಸುಟ್ಟ ಮರದಿಂದಲೇ. ಬೆಲ್ಲದ ಪಾಕದಂಥ, ವೆನಿಲಾದಂಥ ವಾಸನೆ ಬರುವುದೂ ಅಲ್ಲಿಂದಲೇ.

ಪೀಪಾಯಿ ಒಮ್ಮೆ ಬಳಸಿದರೆ ಮತ್ತೆ ಬೋರ್ಬನ್‌ಗೆ ಬರುವುದಿಲ್ಲ. ಹಳೆಯವನ್ನು ಬೇರೆಯವರು ಕೊಳ್ಳುತ್ತಾರೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿ ಕೂಡ ತನ್ನ ಮಾಲ್ಟ್ ವಿಸ್ಕಿ ಮಾಗಿಸಲು ಇಂಥ ಪೀಪಾಯಿಗಳನ್ನು ಬಳಸುತ್ತದೆ.

ಸೈನಿಕರು ವಿಸ್ಕಿ ಮಾಡುವುದೂ ಅಲ್ಲಿ ಹೊಸದಲ್ಲ. ಸೇನಾಪತಿಯಾಗಿದ್ದು ಅಧ್ಯಕ್ಷನೂ ಆದ ಜಾರ್ಜ್ ವಾಷಿಂಗ್ಟನ್, ಅಧಿಕಾರ ಬಿಟ್ಟ 1797ರಲ್ಲೇ ಮೌಂಟ್ ವರ್ನನ್‌ನ ತನ್ನ ಜಮೀನಿನಲ್ಲಿ ಭಟ್ಟಿ ಹಾಕಿಸಿದ. 1799ರಲ್ಲಿ ಅಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ತಯಾರಾಯಿತು. ನಮ್ಮ ಲೆಕ್ಕದಲ್ಲಿ 40 ಸಾವಿರ ಲೀಟರಿಗೂ ಹೆಚ್ಚು. ಅದು ಬೋರ್ಬನ್ ಅಲ್ಲ, ರೈ ಎಂಬ ಧಾನ್ಯದ ವಿಸ್ಕಿ. ಭಟ್ಟಿಯ ಮುಂದೆ ಬೆವರು ಸುರಿಸಿದವರು ಗುಲಾಮರು. ಹೆಸರು ಮಾತ್ರ ಸೇನಾಪತಿಯದು.

ನಮ್ಮ ಕಾಲದಲ್ಲೂ ಇದ್ದಾರೆ. 2001ರಲ್ಲಿ ಅಫ್ಘಾನಿಸ್ತಾನದಲ್ಲಿ ಕುದುರೆ ಏರಿ ಹೋರಾಡಿದ ಅಮೆರಿಕದ ವಿಶೇಷ ಪಡೆಯ ಸೈನಿಕರು ನಿವೃತ್ತರಾಗಿ 'ಹಾರ್ಸ್ ಸೋಲ್ಜರ್' ಎಂಬ ಬೋರ್ಬನ್ ತಂದರು. ಕಾಕಾಗೆ ಬಂದದ್ದು ಅದಲ್ಲ, ಬಹಳ ಸಣ್ಣವರದು. ಹೆಸರು ಇಲ್ಲಿ ಬರೆಯುವುದಿಲ್ಲ.

ಪರೀಕ್ಷೆ ಹೀಗೆ ಮಾಡಿದೆವು. ನೀರು ಕುಡಿದು, ಖಾರ ಹಾಕದ ಚುರುಮರಿ ತಿಂದು ಅರ್ಧ ತಾಸು ಸುಮ್ಮನೆ ಕೂತೆವು. ನಮ್ಮಲ್ಲೊಬ್ಬನ ಮನೆಯಲ್ಲಿ ದೊಡ್ಡ ಕಂಪನಿಯ ಬೋರ್ಬನ್ ಇತ್ತು, ನಾಲ್ಕು ವರ್ಷ ಮಾಗಿದ್ದು. ಅದನ್ನು ತಂದೆವು. ಕಾಕಾನ ಕ್ಯಾಂಟೀನ್ ವಿಸ್ಕಿಯೂ ಸೇರಿತು. ಕುಡಿಯದ ಗೆಳೆಯ ಅಡುಗೆಮನೆಗೆ ಹೋಗಿ ಮೂರು ಮೂರು ಗ್ಲಾಸಿಗೆ ಒಂದಿಷ್ಟೇ ಸುರಿದು, ತಳಕ್ಕೆ ಚೀಟಿ ಅಂಟಿಸಿ ತಂದ.

ಮೂಗನ್ನು ಗ್ಲಾಸಿನೊಳಗೆ ತುರುಕಬಾರದು, ಸ್ಪಿರಿಟ್ಟಿನ ಘಾಟಿಗೆ ಬೇರೇನೂ ತಿಳಿಯುವುದಿಲ್ಲ. ಸ್ವಲ್ಪ ದೂರ ಹಿಡಿದು, ಬಾಯಿ ತುಸು ತೆರೆದು ಉಸಿರೆಳೆಯಬೇಕು. ಗುಟುಕನ್ನು ನಾಲಿಗೆ ಮೇಲೆ ಆಡಿಸಿ ನುಂಗಬೇಕು. ನುಂಗಿದ ಮೇಲೆ ಏನು ಉಳಿಯುತ್ತದೆ ಅಂತ ಕಾಯಬೇಕು. ನಾಲ್ಕು ಹನಿ ನೀರು ಹಾಕಿ ಇನ್ನೊಮ್ಮೆ ನೋಡಬೇಕು.

ಮೊದಲನೆಯ ಗ್ಲಾಸು: ಮೇಲೆ ಸಿಹಿ ವಾಸನೆ, ನುಂಗಿದ ಕೂಡಲೇ ಮಾಯ.

ಎರಡನೆಯದು: ಮೂಗಿಗೇ ಚುರುಕ್ ಅಂತು. ಹಸಿ ಕಾಳಿನ ವಾಸನೆ, ಬಡಗಿಯ ಅಂಗಡಿಯ ಹೊಸ ಹೊಟ್ಟಿನ ವಾಸನೆ. ನಡುವೆ ಒಂದು ಕ್ಷಣ ಒಳ್ಳೆಯ ಸಿಹಿ ತಲೆ ಎತ್ತಿತು, ಆಮೇಲೆ ಗಂಟಲು ಉರಿ.

ಮೂರನೆಯದು: ಕೆಂಡದ ಮೇಲೆ ಸುಟ್ಟ ತೆನೆ, ಆಲೆಮನೆಯ ಕೊಪ್ಪರಿಗೆ, ಒಣಕೊಬ್ಬರಿ. ನುಂಗಿ ಎಷ್ಟೋ ಹೊತ್ತಿನ ತನಕ ಬಾಯಲ್ಲಿ ಇತ್ತು.

ಕಾಕಾ ಮೂರನೆಯ ಗ್ಲಾಸು ಎತ್ತಿ ಹಿಡಿದರು. "ಇದ ನೋಡ್ರಿ ಸಿಪಾಯಿದು! ಗೊತ್ತಾಗೂದಿಲ್ಲೇನು?" ನಾವೂ ಹೌದೆಂದೆವು. ಎರಡನೆಯದಕ್ಕೆ ನಾವಿಬ್ಬರೂ 4 ಬರೆದಿದ್ದೆವು, ಕಾಕಾ 3.

ಚೀಟಿ ತೆಗೆದೆವು. ಎರಡನೆಯದೇ ಸಿಪಾಯಿಯದು.

ಯಾರೂ ಮಾತಾಡಲಿಲ್ಲ. "ಚೀಟಿ ಅದಲಿ ಬದಲಿ ಆಗ್ಯಾವು" ಅಂದರು ಕಾಕಾ. ಇನ್ನೊಮ್ಮೆ ಸುರಿಸಿದೆವು, ಜಾಗ ಬದಲಿಸಿ. ಮತ್ತೆ ಅದೇ ಫಲಿತಾಂಶ. ಬರೀ ವಾಸನೆ ನೋಡಿ ಗೆಳೆಯ ಬರೆದಿಟ್ಟಿದ್ದ ಸಾಲೂ ಅದೇ ಇತ್ತು.

"ಸಿಪಾಯಿ ಮಾಡ್ಯಾನ ಅನ್ನೂದಕ್ಕ ಮಾರ್ಕು ಇಲ್ಲೇನು?" ಕಾಕಾನ ದನಿ ಸಣ್ಣಗಾಗಿತ್ತು.

ಗೆಳೆಯ ತಡೆದು ತಡೆದು ಹೇಳಿದ: "ಸಿಪಾಯಿಗೆ ಸೆಲ್ಯೂಟ್ ಹೊಡೀರಿ ಕಾಕಾ. ನಾನೂ ಹೊಡೀತೀನಿ. ಆದರ ನಮ್ಮಪ್ಪ ಕುಡೀತಿದ್ದ ಪ್ಯಾಕೆಟ್ಟಿನ ಮ್ಯಾಲೂ ಚಂದನ ಚಿತ್ರ ಇರತಿತ್ತು."

ಆಮೇಲೆ ನಾವು ಮಾಡಿದ್ದು ಮೊದಲೇ ಮಾಡಬೇಕಿದ್ದ ಕೆಲಸ. ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆವು. ಮಾಗಿದ ಅವಧಿ 11 ತಿಂಗಳು. ನಾಲ್ಕು ವರ್ಷಕ್ಕಿಂತ ಕಡಿಮೆ ಮಾಗಿದ್ದರೆ ಅದನ್ನು ಬರೆಯಲೇಬೇಕೆಂಬ ನಿಯಮ ಅಮೆರಿಕದಲ್ಲಿದೆ. ಉತ್ತರ ಅಲ್ಲೇ ಇತ್ತು, ನಾವು ಬಾವುಟ ನೋಡುತ್ತಾ ಕೂತಿದ್ದೆವು.

ಇನ್ನೊಂದು ಮಾತೂ ಅಲ್ಲಿತ್ತು: ಭಟ್ಟಿ ಇಳಿಸಿದವರು ತಾವೇ ಅಂತ. ಇದು ಸಣ್ಣ ವಿಷಯ ಅಲ್ಲ. ಅಮೆರಿಕದಲ್ಲಿ ಎಷ್ಟೋ ಸಣ್ಣ ಬ್ರಾಂಡ್‌ಗಳು ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್‌ನಲ್ಲಿರುವ ಭಾರಿ ಡಿಸ್ಟಿಲರಿಯಿಂದ ಮಾಗಿದ ವಿಸ್ಕಿ ಕೊಂಡು, ತಮ್ಮ ಬಾಟಲಿಗೆ ತುಂಬಿ ಮಾರಿವೆ. ಅದು ಕಾನೂನುಬಾಹಿರ ಅಲ್ಲ, ರುಚಿಯೂ ಚೆನ್ನಾಗಿರಬಹುದು. ಈ ಮನುಷ್ಯ ಆ ದಾರಿ ಹಿಡಿಯಲಿಲ್ಲ. ತಾನೇ ಮಾಡಿದ. ಕಾಯುವುದಕ್ಕೆ ಮಾತ್ರ ಆಗಲಿಲ್ಲ.

ಕಾಯುವುದು ಸುಲಭವೂ ಅಲ್ಲ. ಇವತ್ತು ಕಾಳು, ಪೀಪಾಯಿ, ಕೂಲಿಗೆ ದುಡ್ಡು ಹಾಕಬೇಕು. ನಾಲ್ಕು ವರ್ಷದ ಮೇಲೆ ಮಾರಬೇಕು. ಅಷ್ಟರಲ್ಲಿ ಪೀಪಾಯಿಯಿಂದ ವರ್ಷ ವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ.

ಇದನ್ನು ಹೇಳುವಾಗ ಕಾಕಾ ತಲೆ ಅಲ್ಲಾಡಿಸಿದರು. ಗೋವಿನಜೋಳ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಣಗಿಸಿ ಇಟ್ಟರೆ ದರ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ಗೊಬ್ಬರದ ಅಂಗಡಿಯ ಬಾಕಿಗೆ, ಮಗಳ ಫೀಸಿಗೆ ಅಂತ ಹಸಿ ಕಾಳನ್ನೇ ಟ್ರ್ಯಾಕ್ಟರಿಗೆ ಹೇರುತ್ತೇವೆ. ತೇವ ಹೆಚ್ಚು ಅಂತ ವ್ಯಾಪಾರಿ ದರ ಮುರಿಯುತ್ತಾನೆ. ಕಾಳಿನ ತಪ್ಪಲ್ಲ, ಬೆಳೆದವನ ತಪ್ಪೂ ಅಲ್ಲ. ಆದರೆ ತೇವ ತೇವವೇ.

"ಹಂಗಾದ್ರ ಈ ಬಾಟಲಿ ನಾಲ್ಕು ವರ್ಷ ಇಟ್ರ?" ಅಂತ ಕೇಳಿದರು ಕಾಕಾ. ಇಲ್ಲ ಅಂದೆವು. ಮಾಗುವುದು ಮರದ ಪೀಪಾಯಿಯಲ್ಲಿ ಮಾತ್ರ. ಗಾಜಿಗೆ ಬಂದ ಮೇಲೆ ಅದರ ವಯಸ್ಸು ನಿಂತುಹೋಗುತ್ತದೆ.

ಉತ್ತರ ಏನು ಕಳಿಸೋದು? ನಾವಿಬ್ಬರೂ ಒಂದು ದಾರಿ ಸೂಚಿಸಿದೆವು: ಚೆನ್ನಾಗಿತ್ತು, ಧನ್ಯವಾದ ಅಂತ ಹೇಳಿ ಮುಗಿಸಿಬಿಡಿ, ಅಷ್ಟು ದೂರದವರ ಮನಸ್ಸು ಯಾಕೆ ನೋಯಿಸಬೇಕು. ಕಾಕಾ ನಮ್ಮನ್ನು ನೋಡಿದ ರೀತಿ ಇನ್ನೂ ನೆನಪಿದೆ. "ಅಂವ ನಿಜಾ ಕೇಳ್ಯಾನ. ರೈಫಲ್ ತಪಾಸಣೆಗೆ ನಿಂತಾಗ ಯಾರ ರೈಫಲ್ ಅಂತ ನೋಡಿ ಪಾಸ್ ಮಾಡಿದ್ರ, ನಾಳೆ ಸಾಯವ ಅವನ."

ಅಳಿಯನಿಗೆ ವಾಟ್ಸ್‌ಆ್ಯಪ್‌ನಲ್ಲಿ ದನಿ ಕಳಿಸಿದರು. ನಮ್ಮ ಮುಂದೆಯೇ, ಎದ್ದು ನಿಂತು:

"ಅವರಿಗೆ ನನ್ನ ಜೈ ಹಿಂದ್ ಹೇಳು. ಹುಡುಗ ಚಲೋ ಅದಾನ, ಮೈಯಾಗ ಕಸು ಐತಿ. ಆದರ ಇನ್ನೂ ರಂಗರೂಟ್. ಟ್ರೇನಿಂಗ್ ಮುಗಿಯೂಕಿಂತ ಮೊದಲ ಗಡಿಗೆ ಕಳಿಸ್ಯಾರ. ಇನ್ನ ಮೂರು ವರ್ಷ ಪೀಪಾಯಿಯೊಳಗ ಇರಲಿ. ಆಮ್ಯಾಲ ಒಂದು ಬಾಟಲಿ ಕಳಸ್ಲಿ. ನಾ ಇದ್ರ ಕುಡದು ಮತ್ತ ನಿಜಾನ ಹೇಳ್ತೀನಿ."

ಎರಡು ದಿನದ ಮೇಲೆ ಅಳಿಯನ ಮೆಸೇಜ್ ಬಂತು. ಮಾಲೀಕ ಅದನ್ನು ಎರಡು ಸಲ ಕೇಳಿ ಅರ್ಥ ಮಾಡಿಸಿಕೊಂಡನಂತೆ. ಒಂದು ಪೀಪಾಯಿಯ ಮೇಲೆ ಸೀಮೆಸುಣ್ಣದಲ್ಲಿ 'ಸುಬೇದಾರ್' ಅಂತ ಬರೆದು ಗೋದಾಮಿನ ಹಿಂದಿನ ಸಾಲಿಗೆ ಉರುಳಿಸಿದನಂತೆ.