ಮೊದಲು ಸೋಲಬೇಕಾದ ಪರೀಕ್ಷೆ

ದತ್ತಾಂಶವನ್ನು ಕಾಪಿಡುವುದು, ಬಳಕೆದಾರರ ಗುರುತು ಪರಿಶೀಲಿಸುವುದು, ಬಂದ ಕೋರಿಕೆಗೆ ತಕ್ಕ ಪುಟವನ್ನು ರೂಪಿಸುವುದು ಮುಂತಾದ ಕೆಲಸಗಳನ್ನು ಜಾಲತಾಣ ಕಟ್ಟುವವರು ಪ್ರತಿಸಲವೂ ಬುಡದಿಂದ ಮಾಡಬೇಕಾಗದಂತೆ ಮೊದಲೇ ಸಿದ್ಧಪಡಿಸಿಟ್ಟ ತಂತ್ರಾಂಶಕ್ಕೆ ವೆಬ್ ಫ್ರೇಮ್‌ವರ್ಕ್ ಎನ್ನುತ್ತಾರೆ. ಪೈಥಾನ್ ಭಾಷೆಯಲ್ಲಿ ಬರೆದ ಜ್ಯಾಂಗೊ ಅಂಥದ್ದೊಂದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಅದನ್ನು ಕಟ್ಟತೊಡಗಿದರು. ಸುದ್ದಿಮನೆ ಕೇಳಿದ್ದನ್ನು ಗಂಟೆಗಳೊಳಗೆ ಒದಗಿಸಬೇಕಾದ ಒತ್ತಡದಲ್ಲಿ ಬೆಳೆದ ಈ ತಂತ್ರಾಂಶ, ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್‌ನ ಹೆಸರು ಹೊತ್ತು, 2005ರ ಜುಲೈನಲ್ಲಿ ಮುಕ್ತ ಆಕರ ತಂತ್ರಾಂಶವಾಗಿ, ಅಂದರೆ ಯಾರು ಬೇಕಾದರೂ ಓದಿ ತಿದ್ದಿ ಹಂಚಬಹುದಾದ ಕೃತಿಯಾಗಿ ಹೊರಬಂತು.

ಇಂಥ ತಂತ್ರಾಂಶವನ್ನು ಒಟ್ಟಾಗಿ ಬೆಳೆಸುವ ಸಮುದಾಯಕ್ಕೆ ಬರುವವರಲ್ಲಿ ಅನೇಕರು ಬಂದ ಕೂಡಲೇ ಕೋಡ್ ಬರೆಯಲು ಹಾತೊರೆಯುತ್ತಾರೆ. ಆದರೆ ಇಲ್ಲಿನ ನಿಜವಾದ ಸವಿ ಅದಕ್ಕಿಂತ ಹಿಂದಿನ ಮೆಟ್ಟಿಲಿನಲ್ಲಿದೆ. ಬಳಕೆದಾರರು ಕಂಡ ದೋಷವನ್ನು ದಾಖಲಿಸುವ ವರದಿಗೆ ಟಿಕೆಟ್ ಎಂದು ಹೆಸರು. ಅದು ನಿಜವಾದ ದೋಷವೇ, ಬಳಸಿದವರ ತಪ್ಪು ಗ್ರಹಿಕೆಯೇ, ಹಿಂದೆಯೇ ದಾಖಲಾದ ಸಂಗತಿಯೇ ಎಂದು ವಿಂಗಡಿಸುವ ಕೆಲಸವನ್ನು ಹೊಸಬರೂ ಮಾಡಬಹುದು. ಎಲ್ಲೋ ಕುಳಿತ ಅಪರಿಚಿತರೊಬ್ಬರ ಗಣಕದಲ್ಲಿ ಮೂಡಿದ ಗೊಂದಲವನ್ನು ತನ್ನ ಗಣಕದಲ್ಲಿಯೂ ಮೂಡಿಸಿಕೊಂಡು, ಮೊರದಲ್ಲಿ ಕೇರಿದಂತೆ ಅನಗತ್ಯವಾದುದನ್ನೆಲ್ಲ ಹಾರಿಸಿ, ಕೊನೆಗೆ ನಾಲ್ಕೈದು ಸಾಲುಗಳಲ್ಲಿ ದೋಷವನ್ನು ಬೆತ್ತಲಾಗಿ ನಿಲ್ಲಿಸುವುದರಲ್ಲಿರುವ ಸುಖ, ಬಗೆಹರಿಯದ ಗಣಿತದ ಸಮಸ್ಯೆಯೊಂದರ ಎಳೆ ಸಿಕ್ಕವರಿಗೆ ಮಾತ್ರ ಗೊತ್ತಿರುವಂಥದ್ದು.

ಆಮೇಲೆ ಬರುವುದು ಪರೀಕ್ಷೆ. ತಂತ್ರಾಂಶ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಿರೂಪಿಸಿ, ಹಾಗೆ ನಡೆದುಕೊಳ್ಳದಿದ್ದರೆ ಕೂಗಿ ಹೇಳುವ ಚಿಕ್ಕ ಕೋಡೇ ಪರೀಕ್ಷೆ. ದೋಷ ತಿದ್ದುವ ಪ್ಯಾಚ್‌ನೊಂದಿಗೆ, ಅಂದರೆ ಬದಲಾವಣೆಯ ಕಟ್ಟಿನೊಂದಿಗೆ, ಪರೀಕ್ಷೆಯೊಂದು ಇರಲೇಬೇಕೆಂಬುದು ಜ್ಯಾಂಗೊದ ನಿಯಮ. ಅದು ತಿದ್ದುಪಡಿಗೆ ಮುನ್ನ ಸೋಲಬೇಕು, ತಿದ್ದಿದ ನಂತರ ಗೆಲ್ಲಬೇಕು. ಮೊದಲೇ ಗೆದ್ದುಬಿಡುವ ಪರೀಕ್ಷೆ ಏನನ್ನೂ ಸಾಬೀತುಪಡಿಸುವುದಿಲ್ಲ. ಆದ್ದರಿಂದ ಸೋಲನ್ನು ಬೇಕೆಂದೇ ಕರೆದು, ಸರಿಯಾದ ಕಾರಣಕ್ಕೇ ಸೋತಿದೆಯೇ ಎಂದು ನೋಡಿ, ಆ ಬಳಿಕವಷ್ಟೇ ಮೂಲ ಕೋಡ್‌ಗೆ ಕೈಹಾಕುವ ಈ ಶಿಸ್ತು ಅಭ್ಯಾಸವಾದವರಿಗೆ ಬೇರೆ ಯಾವ ಬಗೆಯ ಪ್ರೋಗ್ರಾಮಿಂಗೂ ಅಷ್ಟು ರುಚಿಸದು.

ಕೋಡ್ ಬರೆಯದವರಿಗೂ ಇಲ್ಲಿ ಸ್ಥಾನವುಂಟು. ದಸ್ತಾವೇಜು ತಿದ್ದುವವರು, ಸಂದೇಶಗಳನ್ನು ತಮ್ಮ ಭಾಷೆಗೆ ತರುವವರು ಸಮುದಾಯದ ಪೂರ್ಣ ಸದಸ್ಯರೇ. ಜ್ಯಾಂಗೊದಲ್ಲಿ ಕನ್ನಡದ ಅನುವಾದ ಕಡತವೂ ಇದೆ. ಅದರಲ್ಲಿ ಖಾಲಿ ಉಳಿದ ಸಾಲುಗಳು ಬಳಕೆದಾರರಿಗೆ ಇಂಗ್ಲಿಷಿನಲ್ಲೇ ಕಾಣುವುದರಿಂದ ಕನ್ನಡ ಬಲ್ಲವರ ಶ್ರಮ ಅಲ್ಲಿ ಎಂದಿಗೂ ವ್ಯರ್ಥವಲ್ಲ.

ಪ್ಯಾಚ್ ಬರೆದವರೇ ಅದನ್ನು ‘ಸೇರ್ಪಡೆಗೆ ಸಿದ್ಧ’ ಎಂದು ಗುರುತಿಸುವಂತಿಲ್ಲ. ಇನ್ನೊಬ್ಬರು ಸಾಲುಸಾಲಾಗಿ ಓದಿ ಒಪ್ಪಬೇಕು. ಈ ಪರಾಮರ್ಶೆ ಕೆಲವರಿಗೆ ಕಿರಿಕಿರಿ ಎನಿಸಬಹುದು, ಆದರೆ ವೇತನವಿಲ್ಲದೆ ಇಷ್ಟು ಗಮನವಿಟ್ಟು ಓದುವ ಓದುಗರು ಸಾಹಿತಿಗಳಿಗೂ ಅಪರೂಪ. ಉದಾಹರಣೆಗೆ, ಎಸ್‌ಕ್ಯೂಲೈಟ್ ದತ್ತಸಂಚಯದಲ್ಲಿ ಗೆದ್ದ ಪರೀಕ್ಷೆಯೊಂದು ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಸೋಲಬಹುದು, ಏಕೆಂದರೆ ಕ್ರಮವನ್ನು ಸ್ಪಷ್ಟವಾಗಿ ಕೇಳದ ಹೊರತು ಸಾಲುಗಳನ್ನು ಇಂಥದೇ ಕ್ರಮದಲ್ಲಿ ಕೊಡುವ ಹೊಣೆ ದತ್ತಸಂಚಯಕ್ಕಿಲ್ಲ. ಪರಾಮರ್ಶಕರು ಇದನ್ನು ಎರಡು ಸಾಲಿನಲ್ಲಿ ತೋರಿಸುತ್ತಾರೆ. ಬರೆದವರು ಕ್ರಮವನ್ನು ಸೂಚಿಸುವ ಒಂದು ಪದವನ್ನು ಸೇರಿಸಿ, ಪರೀಕ್ಷೆಗಳನ್ನು ಮತ್ತೆ ಓಡಿಸಿ, ಪ್ಯಾಚನ್ನು ಮರಳಿ ಕಳುಹಿಸುತ್ತಾರೆ.