ಮಲ್ಲೇಶ್ವರದ ಹಿತ್ತಿಲ ಗಲ್ಲಿ

ರಾಜಾಜಿನಗರ
ರಾತ್ರಿ ಒಂದು ಗಂಟೆ

ಅಮ್ಮಾ,

ಸುಖವಾಗಿದ್ದೇನೆ, ಊಟ ತಿಂಡಿಯ ಚಿಂತೆ ನಿನಗೆ ಬೇಡ. ಚಿಕ್ಕಮ್ಮ ಕೂತಲ್ಲಿ ನಿಂತಲ್ಲಿ ಬಡಿಸುತ್ತಾಳೆ. ಅಪ್ಪನ ಕಣ್ಣಿನ ಚೀಟಿ ನಾಳೆ ತೋರಿಸಿಕೊಂಡು ಬರುತ್ತೇನೆ. ಇಸ್ಕಾನ್ ದೇವಸ್ಥಾನ ನೋಡಿದ್ದಾಯಿತು.

ಸಂಜೆ ನಡೆದೇ ಮಲ್ಲೇಶ್ವರಕ್ಕೆ ಹೋಗಿದ್ದೆ. ಒಂದು ಹಳೇ ಹೆಂಚಿನ ಮನೆ ನೋಡುತ್ತಾ ನಿಂತಿದ್ದೆ. ಹೂ ಬಿಡಿಸುತ್ತಿದ್ದ ಅಜ್ಜಿಯೊಬ್ಬರು, "ಬಾಮ್ಮ ಒಳಗೆ, ನಿಂತೇ ಯಾಕೆ ನೋಡ್ತೀಯ" ಅಂತ ಕರೆದರು. ಗುರುತಿಲ್ಲ, ಪರಿಚಯವಿಲ್ಲ, ಕಾಫಿ, ಕೋಡುಬಳೆ ಕೊಟ್ಟು, ಹಿತ್ತಿಲ ಬಾಗಿಲು ತೆಗೆದು, ಎರಡು ಸಾಲು ಮನೆಗಳ ಬೆನ್ನ ನಡುವಿನ ಗಲ್ಲಿಯನ್ನೂ ತೋರಿಸಿದರು. ಕನ್ಸರ್ವೆನ್ಸಿ ಗಲ್ಲಿ ಅಂತಾರೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತಲ್ಲ, ಇಕ್ಕಟ್ಟಾದ ಪೇಟೆ ಬಿಟ್ಟು ಜನ ಓಡಿದರು. ಆಗ ಗಾಳಿ ಬೆಳಕು ಆಡಲಿ ಅಂತ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಮಾಡಿದರು. ಮುಂದೆ ಅಗಲ ರಸ್ತೆ, ಹಿಂದೆ ಈ ಗಲ್ಲಿ. ಒಳಚರಂಡಿ ಕೆಲಸ ಶುರುವಾದದ್ದೇ 1922ರಲ್ಲಿ. ಅಲ್ಲಿಯವರೆಗೆ, ಎಷ್ಟೋ ಬೀದಿಗಳಲ್ಲಿ ಅದಾದ ಮೇಲೂ, ಕಕ್ಕಸಿನ ಹಿಂದೊಂದು ಗಿಡ್ಡ ಬಾಗಿಲು. ಬೆಳಗಿನ ಜಾವ ಒಬ್ಬ ಹೆಂಗಸು ಬಂದು, ಬಗ್ಗಿ ಬಕೆಟ್ಟು ಎಳೆದು, ಮಲವನ್ನು ಡಬ್ಬಕ್ಕೆ ಸುರಿದುಕೊಂಡು ತಲೆ ಮೇಲೆ ಹೊತ್ತು ಹೋಗಬೇಕಿತ್ತು. ಮಳೆಗಾಲದಲ್ಲಿ ಅದು ಮುಖದ ಮೇಲೇ ಇಳಿಯುತ್ತಿತ್ತಂತೆ. ಬಾಯಾರಿಕೆ ಅಂದರೆ ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು, ಚೊಂಬು ತಾಗಬಾರದು ಅಂತ. ಹೇಳುತ್ತಾ ಅಜ್ಜಿ ಅರ್ಧಕ್ಕೇ ಸುಮ್ಮನಾದರು.

ಊರಿನ ಆರೋಗ್ಯಕ್ಕೆಂದೇ ಹಾಕಿದ ನಕ್ಷೆ ಅದು, ಅಮ್ಮ. ಆ ಡಬ್ಬ ಹೊತ್ತವಳ ಆರೋಗ್ಯಕ್ಕೆ ಅದರಲ್ಲಿ ಜಾಗ ಇರಲಿಲ್ಲ. ನನಗೆ ಇದನ್ನು ತಡೆದುಕೊಳ್ಳಲು ಆಗುತ್ತಿಲ್ಲ. 1970ರ ದಶಕದಲ್ಲಿ ಅರಸು ಸರ್ಕಾರದ ಮಂತ್ರಿ ಬಸವಲಿಂಗಪ್ಪನವರು ಮಲ ಹೊರುವುದನ್ನು ನಿಷೇಧಿಸಿದರು. ದೊಡ್ಡ ಮನುಷ್ಯ. ಆದರೂ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಯ್ದೆ ಬೇಕಾಯಿತು. ಈಗಲೂ ಮ್ಯಾನ್‌ಹೋಲಿಗೆ ಇಳಿದು ಸಾಯುವವರಿದ್ದಾರೆ. ಇವತ್ತು ಬೆಳಿಗ್ಗೆ ನಮ್ಮ ಬೀದಿಯ ಕಸದ ಗಾಡಿಯವಳು ಗ್ಲೌಸ್ ಇಲ್ಲದೆ, ಬರಿಗೈಯಲ್ಲೇ ಹಸಿ ಕಸ ಒಣ ಕಸ ಬೇರೆ ಮಾಡುತ್ತಿದ್ದಳು. ಬೇರೆ ಮಾಡಿ ಕೊಡಿ ಅಂತ ಚಿಕ್ಕಮ್ಮನಿಗೆ ಹೇಳಿದ್ದೇನೆ, ನೀನೂ ಫೋನಿನಲ್ಲಿ ಹೇಳು, ನಿನ್ನ ಮಾತಾದರೆ ಕೇಳುತ್ತಾಳೆ.

ನಿನ್ನೆ ಮೆಟ್ರೋದಲ್ಲಿ ಕೆಂಗೇರಿಗೆ ಹೋಗುವಾಗ ನಾಯಂಡಹಳ್ಳಿ ಹತ್ತಿರ ವೃಷಭಾವತಿ ಕಂಡಿತು. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆ ಅನ್ನುವ ಹೊಳೆ ಅದು. ಕಪ್ಪು ನೀರು, ಮೇಲೆ ನೊರೆ. ರಾಜಾಜಿನಗರ, ವಿಜಯನಗರದ ಕಡೆಯ ಕೊಳಚೆಯೂ ಅಲ್ಲಿಗೇ ಹರಿಯುತ್ತದಂತೆ.

ತಂಗಿಯ ರವಿಕೆ ಬಟ್ಟೆಗೆ ಹಸಿರೋ ಜೇನು ಬಣ್ಣವೋ, ನಾಳೆಯೊಳಗೆ ತಿಳಿಸು. ಅಪ್ಪೆಮಿಡಿ ಜಾಡಿಯ ಬಟ್ಟೆ ಬಿಗಿದಿದೆಯೋ ನೋಡು.

ಶಿವಮೊಗ್ಗದ ಅಜ್ಜನ ಮನೆಯಲ್ಲೂ ಹಿತ್ತಿಲ ಕಡೆ ಒಂದು ಗಿಡ್ಡ ಬಾಗಿಲು ಇತ್ತಲ್ಲ ಅಮ್ಮ, ನಮ್ಮನ್ನು ಅತ್ತ ಹೋಗಲು ಬಿಡುತ್ತಿರಲಿಲ್ಲ. ನೀನು ಚಿಕ್ಕವಳಿದ್ದಾಗ ಅಲ್ಲಿಗೆ ಬರುತ್ತಿದ್ದವರು ಯಾರು, ಹಬ್ಬದ ದಿನವಾದರೂ ಅವರಿಗೆ ನೀವು…